ನಲವತ್ತೊಂದನೆಯ ಸ್ಯಾಂಪಲ್

ಸುಳ್ಯದ ಮೆಡಿಕಲ್ ಕಾಲೇಜೊಂದರ ಎರಡನೇ ಮಹಡಿಯ ಸಂಶೋಧನಾ ಲ್ಯಾಬಿನಲ್ಲಿ ಆ ಸಂಜೆ ನಾಲ್ಕು ಜನ ಕೂತಿದ್ದರು. ಕೂತದ್ದು ಕತೆ ಕೇಳಲಿಕ್ಕಲ್ಲ, ಒಂದು ಸಹಿಗಾಗಿ. ಹೊರಗೆ ಶ್ರಾವಣದ ಮಳೆ ಬಕೆಟಿನಿಂದ ಎರಚಿದ ಹಾಗೆ ಕಿಟಕಿಗೆ ಬಡಿಯುತ್ತಿತ್ತು. ಮಧ್ಯಾಹ್ನದ ಸಿಡಿಲಿಗೆ ಡೀಪ್ ಫ್ರೀಜರ್ ಕೆಟ್ಟಿತ್ತು. ಅದರೊಳಗೆ ಮೂರು ಮಳೆಗಾಲ ಸಂಗ್ರಹಿಸಿದ ಇಲಿಜ್ವರದ ರಕ್ತದ ಸ್ಯಾಂಪಲುಗಳಿದ್ದವು. ಮೈನಸ್ ಎಂಬತ್ತು ಡಿಗ್ರಿಯಲ್ಲಿ ಇರಬೇಕಾದದ್ದು ಮೈನಸ್ ಐವತ್ತೆಂಟಕ್ಕೆ ಏರಿತ್ತು.

ಪ್ರತಿ ಟ್ಯೂಬಿಗೂ ಚೀಟಿ ಅಂಟಿಸಿದವಳು ಟೆಕ್ನೀಷಿಯನ್ ದೀಪ್ತಿ. ರಕ್ತ ಕೊಟ್ಟವರಲ್ಲಿ ಕೆಲವರು ಈಗ ಬದುಕಿಲ್ಲ. ಕರಗಿದರೆ ಪುನಃ ಕೇಳುವುದು ಯಾರಲ್ಲಿ? ಪಕ್ಕದ ಸ್ಟೋರ್ ಕೋಣೆಯಲ್ಲಿ ಇನ್ನೊಂದು ಫ್ರೀಜರ್ ಖಾಲಿಯಾಗಿಯೇ ಓಡುತ್ತಿತ್ತು. ಆದರೆ ಆ ಕೋಣೆ ತೆರೆಯಲು ಸ್ಟೋರ್ ಆಫೀಸರ ಸಹಿ ಬೇಕು. ಅವರು ಬೆಟ್ಟಂಪಾಡಿಗೆ ಗೃಹಪ್ರವೇಶಕ್ಕೆ ಹೋಗಿದ್ದರು, ಫೋನು ಸಿಗುತ್ತಿರಲಿಲ್ಲ.

"ಊಟಕ್ಕೆ ಹೋದದ್ದಾ, ಮನೆ ಕಟ್ಲಿಕ್ಕೇ ಹೋದದ್ದಾ?" ಎಂದಳು ನರ್ಸ್ ಮುನೀರಾ.

"ಬೀಗ ಒಡೆದುಬಿಡುವ, ದೀಪ್ತಿಯಕ್ಕ," ಎಂದ ಸಂಶೋಧನಾ ವಿದ್ಯಾರ್ಥಿ ಲತೀಶ್.

ದೀಪ್ತಿ ಸ್ಟೋರ್ ತೆರೆಯುವ ಅರ್ಜಿಯನ್ನು ಮೂರನೇ ಸಲ ಬರೆಯುತ್ತಿದ್ದಳು. ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವಳು. ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ನಿಯಮ ತನಗೆ ಮಾತ್ರ ಗೊತ್ತಿಲ್ಲ ಎಂಬ ಅಂಜಿಕೆ ಅವಳನ್ನು ಎಂದೂ ಬಿಟ್ಟಿರಲಿಲ್ಲ.

ಆಗ ಮೂಲೆಯ ಸ್ಟೂಲಿನಿಂದ ದುಗ್ಗಪ್ಪ ಕೆಮ್ಮಿದರು. ನಿವೃತ್ತಿಯಾದ ಮೇಲೂ ಕಾಂಟ್ರಾಕ್ಟಿನಲ್ಲಿ ಉಳಿದ ಅಟೆಂಡರ್. ಸ್ಟೋರಿನ ಬೀಗದ ಕೈ ಅವರ ಸೊಂಟದಲ್ಲೇ ಇತ್ತು, ಸಹಿಯಿಲ್ಲದೆ ಅದನ್ನು ಕೊಡುವವರಲ್ಲ.

"ಸಹಿ ಬರ್ಲಿ, ಬಾರದಿರ್ಲಿ... ಆ ಕೋಣೆಯ ವಿಷಯ ಒಂದು ಹೇಳ್ಬೇಕು. ಮೊದಲು ಅಲ್ಲಿ ರಾಮಪ್ರಸಾದಣ್ಣ ಅಂತ ಸ್ಟೋರ್ ಕೀಪರ್ ಇದ್ರು. ಒಳ್ಳೆ ಮನುಷ್ಯ, ಒಂದು ಕೆಟ್ಟ ಮಾತಿಲ್ಲ, ಆದರೆ ಹತ್ತಿ ಉಂಡೆ ಕೇಳಿದ್ರೂ ಮೂರು ಪ್ರತಿ ಫಾರ್ಮ್ ಬೇಕು ಅವರಿಗೆ. ಆ ಫ್ರೀಜರ್ ಬಂದಾಗ ಅದರ ಪ್ಲಾಸ್ಟಿಕ್ ಸಹ ತೆಗೀಲಿಕ್ಕೆ ಬಿಡ್ಲಿಲ್ಲ, ಇನ್‌ಸ್ಪೆಕ್ಷನಿಗೆ ಬಂದವರಿಗೆ ಹೊಸತು ಕಾಣ್ಬೇಕಂತೆ! ಅದನ್ನು ತಂದದ್ದು ಇಡ್ಲಿಕ್ಕಾ, ನೋಡ್ಲಿಕ್ಕಾ? ನೀವೇ ಹೇಳಿ.

"ಹನ್ನೊಂದು ವರ್ಷ ಆಯ್ತು. ಇಂಥದ್ದೇ ಮಳೆ. ಲ್ಯಾಬಿನ ಫ್ರೀಜರ್ ಕೆಟ್ಟಿತು, ನಾನು ಸ್ಯಾಂಪಲಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಅವರ ಬಾಗಿಲಲ್ಲಿ ನಿಂತೆ. 'ಫಾರ್ಮ್ ಉಂಟಾ ದುಗ್ಗಪ್ಪ?' ಓಡಿ ಹೋಗಿ ಫಾರ್ಮ್ ತಂದೆ. 'ಸಹಿ ಉಂಟು, ಸೀಲಿಲ್ಲ.' ಸೀಲು ಹಾಕಿಸಿ ತಂದೆ. 'ಒಂದೇ ಪ್ರತಿ ಆಯ್ತಲ್ಲ?' ... ಪೆಟ್ಟಿಗೆಯ ಐಸು ಕರಗಿ ನನ್ನ ಕಾಲಿಗೆ ತೊಟ್ಟಿಕ್ತಾ ಉಂಟು, ಅವರು ಮೈಯಲ್ಲಿ ಜ್ವರ ಇಟ್ಟುಕೊಂಡು, ಶಾಲು ಹೊದ್ದು, ನಡುಗುವ ಕೈಯಲ್ಲಿ ಫಾರ್ಮ್ ತಿರುವಿ ಹಾಕ್ತಾ ಇದ್ದಾರೆ. ಬಾಗಿಲು ತೆರೆಯುವಾಗ ಸಂಜೆ ಐದು ಗಂಟೆ. ಡಾಕ್ಟರು ನೋಡಿ 'ಇನ್ನು ಆಗುದಿಲ್ಲ, ಚೆಲ್ಲಿ' ಅಂದ್ರು.

"ಟ್ಯೂಬಿನ ಮೇಲೆ ಹೆಸರಿರುದಿಲ್ಲ, ನಿಮಗೆ ಗೊತ್ತುಂಟಲ್ಲ, ನಂಬ್ರ ಮಾತ್ರ. ಚೆಲ್ಲುವ ಮೊದಲು ರಿಜಿಸ್ಟರ್ ತೆರೆದೆವು. ನಲ್ವತ್ತೊಂದು ಯಾರದ್ದು? ಅವರದ್ದೇ! ಬೆಳಿಗ್ಗೆ ಜ್ವರದ ವಾರ್ಡಿನಲ್ಲಿ ಕೊಟ್ಟು ಬಂದದ್ದು..."

"ಪುನಃ ತೆಗೀಬಹುದಿತ್ತಲ್ಲ ದುಗ್ಗಪ್ಪಣ್ಣ," ಎಂದ ಲತೀಶ್. "ಮೈಯಲ್ಲಿ ರಕ್ತ ಮುಗಿದಿತ್ತಾ?"

"ಅದನ್ನೇ ನಾವು ಹೇಳಿದ್ದು ಮಾರಾಯ! ಎಂತ ಹೇಳಿದ್ರು ಗೊತ್ತುಂಟಾ? 'ಹಳೇ ಫಾರ್ಮಿಗೆ ಹೊಸ ರಕ್ತ ಕೊಡ್ಲಿಕ್ಕೆ ಆಗುದಿಲ್ಲ. ಹೊಸ ಫಾರ್ಮ್ ಬರ್ಲಿ.' ಡಾಕ್ಟರು ಬೈದ್ರು, ನಾನು ಕಾಲು ಹಿಡಿದೆ, ಕೇಳುದಿಲ್ಲ. ಮರುದಿನ ಹಬ್ಬದ ರಜೆ, ಶನಿವಾರ ಸಹಿ ಹಾಕುವವರಿಗೆ ರಜೆ, ಆದಿತ್ಯವಾರ ಹೇಗೂ ರಜೆ. ಸೋಮವಾರ ಫಾರ್ಮ್ ಬಂತು. ಮೂರು ಪ್ರತಿ, ಸಹಿ, ಸೀಲು, ಎಲ್ಲ ಸರಿ ಉಂಟು... ರಾಮಪ್ರಸಾದಣ್ಣ ಇಲ್ಲ."

ಫ್ರೀಜರಿನ ಮೀಟರ್ ಮೈನಸ್ ಐವತ್ತೊಂದು ತೋರಿಸುತ್ತಿತ್ತು.

"ಹೋದವರು ಹೋಗ್ಬೇಕಾ ಬೇಡ್ವಾ? ಆ ಫ್ರೀಜರ್ ತೆರೆದ್ರೆ ಸಾಕು, ಹಿಂದೆ ಬಂದು ನಿಲ್ತಾರೆ. ಅದೇ ಶಾಲು. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಕೈ ಚಾಚಿ, 'ಫಾರ್ಮ್ ಬೇಡ, ತಕ್ಕೊಳ್ಳಿ' ಅಂತಾರೆ. ಈ ಮಾತನ್ನು ಬದುಕಿರುವಾಗ ಒಂದು ಸಲ ಹೇಳಿದ್ರೆ ಅವರ ಗಂಟು ಎಂತ ಹೋಗ್ತಿತ್ತು? ... ಹಿಂದೆ ಅದನ್ನು ತೆರೆದವರಲ್ಲಿ ಇಬ್ರು ಹೆದರಿ ಓಡಿದ್ರು. ಓಡುವ ಗಡಿಬಿಡಿಯಲ್ಲಿ ಫ್ರೀಜರಿನ ಬಾಗಿಲು ಹಾಕ್ಲಿಲ್ಲ, ಒಳಗಿದ್ದದ್ದೆಲ್ಲ ಹಾಳಾಯ್ತು. ಮತ್ತೆ ಯಾರೂ ಅದರಲ್ಲಿ ಎಂತದೂ ಇಟ್ಟದ್ದಿಲ್ಲ."

ದೀಪ್ತಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಮುನ್ನೂರು ಜನರ ರಕ್ತ ಕರಗುತ್ತಿರುವಾಗ ಬದುಕಿರುವವರದ್ದು ಒಂದು ತಕರಾರು, ಸತ್ತವರದ್ದು ಇನ್ನೊಂದು! ಅವಳು ಅರ್ಜಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದಳು.

"ಕೀ ಕೊಡಿ ದುಗ್ಗಪ್ಪಣ್ಣ."

"ಸಹಿ ಮೇಡಂ?"

"ನಾನೇ ಹಾಕ್ತೇನೆ. ನನ್ನದೇ ಹೆಸರಿನಲ್ಲಿ." ಅವಳು ಅರ್ಜಿಯ ಕೆಳಗೆ ಹಾಕಿದ ಸಹಿ ನೆಟ್ಟಗಿರಲಿಲ್ಲ.

ಲತೀಶನೂ ಮುನೀರಾಳೂ ಪೆಟ್ಟಿಗೆಗಳನ್ನು ಸ್ಟೋರಿನ ಹೊಸ್ತಿಲವರೆಗೆ ತಂದು ನಿಂತರು. ಅಲ್ಲಿಂದ ಮುಂದಕ್ಕೆ ಅವರ ಕಾಲು ಬರಲಿಲ್ಲ. ದೀಪ್ತಿ ಒಬ್ಬಳೇ ಒಳಗೆ ಹೋಗಿ ಫ್ರೀಜರ್ ತೆರೆದಳು. ಬಿಳಿ ಹೊಗೆ ಮುಖಕ್ಕೆ ಹೊಡೆಯಿತು. ಒಂದೊಂದಾಗಿ ಪೆಟ್ಟಿಗೆಗಳನ್ನು ಜೋಡಿಸಿದಳು. ಕೊನೆಯದನ್ನು ಒಳಗೆ ತಳ್ಳುವಾಗ ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಅವಳ ಕಾಲು ಓಡಲು ಹವಣಿಸಿತು. ಕೈ ಮಾತ್ರ ಫ್ರೀಜರಿನ ಹಿಡಿಯನ್ನು ಬಿಡಲಿಲ್ಲ.

"ಮೊದಲು ಬಾಗಿಲು ಹಾಕಿ ಮೇಡಂ, ಮತ್ತೆ ತಿರುಗಿ," ಹೊಸ್ತಿಲಿನಿಂದ ದುಗ್ಗಪ್ಪ ಮೆಲ್ಲಗೆ ಹೇಳಿದರು.

ಅವಳು ಬಾಗಿಲನ್ನು ಒತ್ತಿ ಹಾಕಿ, ಹಿಡಿ ತಿರುಗಿಸಿದಳು.

"ಹಾಂ, ಸರಿ ಆಯ್ತು. ಈಗ ಸೂಜಿ ತಕ್ಕೊಳ್ಳಿ, ಬೇಡ ಅನ್ನಬೇಡಿ ಅವರಿಗೆ... ಮೊನ್ನೆ ಇದರ ಐಸು ಕೆರೆಯುವಾಗ ನಾನು ಆ ಕೈ ಮುಟ್ಟಿ ನೋಡಿದ್ದೇನೆ, ಮೇಡಂ. ಜ್ವರ ಇನ್ನೂ ಬಿಟ್ಟಿಲ್ಲ."