ಒರೆಸಿದ ಮೇಲೇ ಹೊಸ ಲೆಕ್ಕ

ನಮ್ಮ ಆಫೀಸಿನ ಅಕ್ಕನ ನೆನಪಿನ ಈ ಸಭೆಗೆ ಬಂದಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಿಗೆ, ಮಗಳಿಗೆ ನಮಸ್ಕಾರ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಲ್ಲಿ ನಿಲ್ಲಬೇಕಾದವಳು ನಾನಲ್ಲ. ನಾನಿನ್ನೂ ಕಾಲೇಜಿನ ಮೊದಲ ವರ್ಷ, ಮಧ್ಯಾಹ್ನದ ಮೇಲೆ ಮಾತ್ರ ಈ ಆಫೀಸು. ಹಾಸ್ಟೆಲಿನ ಕನ್ನಡ ನನ್ನದು, ನಡುನಡುವೆ ಇಂಗ್ಲಿಷ್ ನುಗ್ಗುತ್ತದೆ. ಸಾರಿ.

ನಾವೆಲ್ಲ ಅವರನ್ನು ಮ್ಯಾಕ್ರೋ ಅಕ್ಕ ಎನ್ನುತ್ತಿದ್ದೆವು. ಯಾಕೆಂದು ಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಡಯಾಲಿಸಿಸ್ ರೋಗಿಗಳನ್ನು ಮನೆಮನೆಯಿಂದ ಕರೆತರುವ ವ್ಯಾನುಗಳಿಗೆ ದಿನವೂ ದಾರಿ ಹುಡುಕಿಕೊಡುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ಅದು ಒಂದು ಪ್ಲಾನ್ ಹಾಕುತ್ತದೆ, ಸ್ವಲ್ಪ ಬದಲಿಸಿ ನೋಡುತ್ತದೆ, ಸುತ್ತಾಟ ಕಡಿಮೆಯಿದ್ದದ್ದನ್ನು ಇಟ್ಟುಕೊಳ್ಳುತ್ತದೆ. ಹೀಗೆ ಹುಡುಕುವ ಒಂದೊಂದು ಬಗೆಗೂ ಒಂದೊಂದು ಸರ್ಚ್ ಕ್ಲಾಸ್, ಅಂದರೆ ಕೋಡಿನ ಒಂದು ದೊಡ್ಡ ತುಂಡು, ಬರೆಯಬೇಕು. ಅಕ್ಕ ಅದಕ್ಕೊಂದು ಮ್ಯಾಕ್ರೋ, ಅಂದರೆ ಕೋಡು ಬರೆದುಕೊಡುವ ಕೋಡು, ಮಾಡಿಟ್ಟಿದ್ದರು. ಎಲ್ಲಿ ಶುರು, ಏನು ಬದಲಿಸಬೇಕು, ಯಾವಾಗ ನಿಲ್ಲಬೇಕು — ಇಷ್ಟು ನಾವು ಹೇಳಿದರೆ ಸಾಕು, ಪೂರ್ತಿ ಕ್ಲಾಸು ತಾನೇ ಸಿದ್ಧವಾಗುತ್ತಿತ್ತು. “ಅಚ್ಚು ನಂದು, ಮಣ್ಣು ನಿಂದು. ಬಿರುಕು ಬಿಟ್ರೆ ನನ್ನ ಹತ್ರ ಅಳ್ತಾ ಬರಬೇಡ” ಎನ್ನುತ್ತಿದ್ದರು. ಅಳುತ್ತಾ ಹೋದರೆ ಕುರ್ಚಿ ಎಳೆದು ಕೂರಿಸುತ್ತಿದ್ದರು.

ಅವರ ಬೋರ್ಡು ಗೊತ್ತಲ್ಲ — ಕಿಟಕಿ ಪಕ್ಕದ್ದು? ಹೊಸ ಲೆಕ್ಕ ಶುರು ಮಾಡುವ ಮುಂಚೆ ಹೀಗೆ, ಈ ಮೂಲೆಯಿಂದ ಆ ಮೂಲೆವರೆಗೆ ಒರೆಸುತ್ತಿದ್ದರು. ಏನೂ ಬರೆಯದಿದ್ದರೂ ಒರೆಸುತ್ತಿದ್ದರು.

“ಖಾಲಿ ಇದೆಯಲ್ಲ ಅಕ್ಕ?”

“ನಿನ್ನ ಕಣ್ಣಿಗೆ ಖಾಲಿ. ಒರೆಸು ಮರಿ, ಕೈ ಸವೆಯಲ್ಲ.”

ಮಗಳು ತಲೆಯಾಡಿಸುತ್ತಿದ್ದಾಳೆ. ಮನೆಯಲ್ಲೂ ಹಾಗೇ ಇದ್ದರು ಅನ್ನಿಸುತ್ತದೆ.

ಕಳೆದ ವಾರ ಆಫೀಸಿಗೆ ಬರುವ ದಾರಿಯಲ್ಲಿ ಎದೆನೋವು ಬಂತು. ಅಕ್ಕ ಬರಲೇ ಇಲ್ಲ.

ನಾನು ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಬೇಕು ಅಂತಲೇ ಬಂದಿದ್ದೆ. ಆದರೆ —

ಹೆಡ್ ಸರ್, ತಪ್ಪು ತಿಳಿಯಬೇಡಿ. ಈ ಮ್ಯಾಕ್ರೋ ಬೇರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಅದನ್ನು ತೆಗೆಸುತ್ತಿದ್ದೀರಿ. ಅದು ಬರೆದುಕೊಡುತ್ತಿದ್ದ ಕ್ಲಾಸನ್ನೇ ಕತ್ತರಿ ಅಣ್ಣ ಕೈಯಿಂದ ನಕಲು ಮಾಡಿದ್ದಾರೆ. ಕೋಡಿನಲ್ಲಿ ಬೇಡದ್ದನ್ನೆಲ್ಲ ಕತ್ತರಿಸುವುದರಿಂದ ಅವರಿಗೆ ಆ ಹೆಸರು, ಅಕ್ಕನೇ ಇಟ್ಟದ್ದು. ನಕಲಿನಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಹಿಂದಿನ ದಿನದ ಒಳ್ಳೆಯ ಪ್ಲಾನನ್ನು ಅಳಿಸುವ ಸಾಲು. ಟೆಸ್ಟಿನಲ್ಲಿ ಅದಕ್ಕೆ ಕೆಲಸವೇ ಇಲ್ಲ, ಯಾಕೆಂದರೆ ಅಲ್ಲಿ ಪ್ರೋಗ್ರಾಂ ಪ್ರತಿ ಸಲ ಹೊಸದಾಗಿ ಶುರುವಾಗುತ್ತದೆ. ವ್ಯಾನುಗಳಿಗೆ ಅದು ನಿಲ್ಲದೆ ಓಡುತ್ತದೆ ಸರ್. ದಿನಗಟ್ಟಲೆ.

ಇವತ್ತು ಮಧ್ಯಾಹ್ನ ನಾನು ಓಡಿಸಿ ನೋಡಿದೆ. ಇವತ್ತಿನ ಹೆಸರುಗಳನ್ನು ಕೊಟ್ಟೆ, ನಿಲ್ಲಿಸದೆ ನಾಳೆಯವನ್ನು ಕೊಟ್ಟೆ. ಬಂದದ್ದು ಇವತ್ತಿನ ಪ್ಲಾನೇ. ನಾಳೆಯಿಂದ ಒಬ್ಬರು ಹೊಸದಾಗಿ ಸೇರುತ್ತಿದ್ದಾರೆ — ಹಳೇ ಸೇತುವೆಯ ಆಚೆ ಇರುವ ದರ್ಜಿ ತಾತ. ಅವರು ಆ ಪ್ಲಾನಿನಲ್ಲಿ ಇಲ್ಲ. ಒಬ್ಬರನ್ನು ಬಿಟ್ಟರೆ ಸುತ್ತಾಟ ಕಡಿಮೆಯಲ್ಲವೇ? ಕಂಪ್ಯೂಟರಿಗೆ ಅದೇ ಒಳ್ಳೆಯ ಪ್ಲಾನು. ಯಾವ ಎರರೂ ಬರುವುದಿಲ್ಲ. ತಾತ ಚೀಲ ಹಿಡಿದು ಬಾಗಿಲಲ್ಲಿ ಕೂತಿರುತ್ತಾರೆ, ವ್ಯಾನು ಬೇರೆ ಬೀದಿಯಲ್ಲಿ ಹೋಗುತ್ತದೆ.

ಸಭೆಗೆ ಬರುವಾಗ ಬಾಗಿಲ ಹತ್ತಿರ ಕತ್ತರಿ ಅಣ್ಣನಿಗೆ ಹೇಳಿದೆ.

“ಸಭೆ ದಿನ ಇದೆಲ್ಲ ಬೇಡ ಕಣಮ್ಮ. ನಾಳೆ ಕೂತು ನೋಡೋಣ.”

“ನಾಳೆ ಅಷ್ಟೊತ್ತಿಗೆ ವ್ಯಾನ್ ಹೊರಟಿರತ್ತೆ ಅಣ್ಣ.”

ಅಣ್ಣ ಕುರ್ಚಿ ಜೋಡಿಸಲು ಒಳಗೆ ಹೋದರು. ಕೆಟ್ಟವರಲ್ಲ ಅವರು, ಮೂರು ದಿನದಿಂದ ಸರಿಯಾಗಿ ಊಟವನ್ನೂ ಮಾಡಿಲ್ಲ. ಆದರೆ ಈ ಸಭೆ ಮುಗಿದ ಕೂಡಲೇ ಅಣ್ಣ ಹೊಸ ಕೋಡು ಹಾಕಿ, ಇವತ್ತಿನ ಹೆಸರುಗಳ ಮೇಲೆ ಒಮ್ಮೆ ಓಡಿಸಿ, ನಿಲ್ಲಿಸದೆ ನಾಳೆಗೆ ಬಿಡುತ್ತಾರೆ ಎಂದು ಸರ್ ಮಧ್ಯಾಹ್ನ ಹೇಳಿದ್ದರು. ಅದಕ್ಕೇ ಇಲ್ಲಿ, ಎಲ್ಲರ ಮುಂದೆ, ಅಕ್ಕನ ಫೋಟೋ ಪಕ್ಕ ನಿಂತು ಹೇಳುತ್ತಿದ್ದೇನೆ. ಬೇರೆ ಹೊತ್ತು ಉಳಿದಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಅಕ್ಕ ಬೋರ್ಡು ಒರೆಸಲು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು, ಮೂಲೆಯಿಂದ ಮೂಲೆವರೆಗೆ, ಮಾತಿಲ್ಲದೆ ಅವರನ್ನು ನೆನೆಯೋಣ.

ಕುಳಿತುಕೊಳ್ಳುವ ಮುಂಚೆ, ಹೆಡ್ ಸರ್, ಒಂದೇ ಮಾತು. ನಾಳೆಗೆ ಅಕ್ಕನ ಮ್ಯಾಕ್ರೋನೇ ಇರಲಿ ಎನ್ನುತ್ತೀರಾ, ತೆಗೆಸುತ್ತೀರಾ? ದಯವಿಟ್ಟು ಬೇಗ ಹೇಳಿ.