ಇನ್ನೊಂಚೂರು ಹಿಂದೆ

ಲೈಟು ಆರಿಸಬೇಡಿ ಅನ್ನುವವರು ಈಗಲೇ ಅಂದುಬಿಡಿ. ಕತೆ ಶುರುವಾದ ಮೇಲೆ ಸ್ವಿಚ್ಚಿನ ತನಕ ನಡೆದು ಹೋಗುವ ಗಂಡಸು ಇಲ್ಲಿ ಯಾರೂ ಇಲ್ಲ, ನನ್ನನ್ನೂ ಸೇರಿಸಿ.

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬುರುಡೆ ಅಂತ ನಿಮಗೆಲ್ಲ ಗೊತ್ತು. ಇದು ಉಳಿದ ಕಾಲು ಪಾಲು.

ನಮ್ಮ ಬೀದಿ ತಿರುವಿನ ಹಾಳುಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಒಂದು ಮೂಲೆಯಲ್ಲಿ ಮಾತ್ರ ಕೈ ತೂರುವಷ್ಟು ಹರಿದಿದೆ. ಹರಿದಿದ್ದು ಯಾರು ಅಂತ ಕೇಳಬೇಡಿ. ತಡರಾತ್ರಿ ಆ ದಾರಿಯಲ್ಲಿ ಬರುವವರಿಗೆ ಅಲ್ಲಿ ನನ್ನದೊಂದು ಸಣ್ಣ ಸೇವೆ ಇರುತ್ತದೆ. ಕಲ್ಲು ಬಿಡಬೇಕು… ಗುಳುಂ. ಸ್ವಲ್ಪ ತಡೆಯಬೇಕು… ಆಮೇಲೆ ಮೂಗಿನಲ್ಲಿ, ಊಂ… ಒಂದು ಸಲ ಅಂಚೆಯವನು ಸೈಕಲ್ಲನ್ನೇ ಬಿಟ್ಟು ಓಡಿದ. ಮರುದಿನ ಸೈಕಲ್ ಮನೆಗೆ ತಲುಪಿಸಿ ಒಳ್ಳೆ ಹುಡುಗ ಅನ್ನಿಸಿಕೊಂಡವನೂ ನಾನೇ.

ಆ ರಾತ್ರಿ ಬಂದವಳು ನಮ್ಮ ಅಕ್ಕ. ಸ್ವಂತ ಅಕ್ಕ ಅಲ್ಲ, ದೊಡ್ಡಪ್ಪನ ಮಗಳು. ಮದುವೆಮನೆಗಳಲ್ಲಿ ವಿಡಿಯೊ ತೆಗೆಯುವ ಕೆಲಸ ಅವಳದು. ಚಪ್ಪಲಿ ಚಟ್… ಚಟ್… ಅನ್ನುತ್ತ ಬಂತು. ಎದೆಗೆ ಏನನ್ನೋ ಅವಚಿಕೊಂಡಿದ್ದಳು, ಮಗು ಎತ್ತಿಕೊಂಡ ಹಾಗೆ. ನಾನು ಕಲ್ಲು ಬಿಟ್ಟೆ. ಗುಳುಂ. ಊಂ… ಅಂದೆ.

ಅವಳು ನಿಂತಳು. ಬೆದರಲಿಲ್ಲ.

"ಆಚೆ ಬಾರೋ ಕೋತಿ. ಇದನ್ನ ಹಿಡ್ಕೋ, ರಟ್ಟೆ ಬಿದ್ದುಹೋಗ್ತಿದೆ."

ಹಿಡಿದುಕೊಂಡೆ. ಹಳೇ ಕಾಲದ ಟೇಪು ಹಾಕಿ ನೋಡುವ ಮೆಷಿನ್ನು. ಕಲ್ಲುಚಪ್ಪಡಿಯಷ್ಟು ಭಾರ.

"ಕದ್ದಿದ್ದಾ?" ಪಿಸುಗುಟ್ಟಿದೆ. ನಮ್ಮ ವಂಶದಲ್ಲಿ ನಾನೊಬ್ಬನೇ ಅಲ್ಲ ಅಂತ ಸ್ವಲ್ಪ ಖುಷಿಯೂ ಆಗಿತ್ತು.

"ಸ್ಟುಡಿಯೊದು. ನಾಳೆ ಗುಜರಿಗೆ ಹಾಕ್ತಾರಂತೆ. ಇವತ್ತು ನಂಗೆ ಬೇಕು." ಬಾವಿ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಅಂದಳು: "ಅಪ್ಪ ನೀರಲ್ಲಿದಾರೆ ಕಣೋ… ಕುತ್ತಿಗೆ ತನಕ ಬಂದಿದೆ."

ನನ್ನ ಕೈಯಲ್ಲಿದ್ದ ಮೆಷಿನ್ನು ಜಾರಿತು, ಹೇಗೋ ಮೊಣಕಾಲು ಕೊಟ್ಟು ತಡೆದೆ. ಯಾಕೆ ಗೊತ್ತಾ? ದೊಡ್ಡಪ್ಪ ಸತ್ತು ಎಷ್ಟೋ ವರ್ಷ ಆಗಿದೆ. ಸತ್ತಿದ್ದೂ ನೀರಲ್ಲಿ ಅಲ್ಲ. ಜ್ವರ ಬಂದು, ಹಾಸಿಗೆ ಮೇಲೆ, ಮೂರು ಹೊದಿಕೆ ಹೊದ್ದು.

ದಾರಿಯಲ್ಲಿ ಅವಳು ಹೇಳಿದ್ದು ಇಷ್ಟು.

ದೊಡ್ಡಪ್ಪನದೂ ಅದೇ ಕೆಲಸ, ಮದುವೆ ವಿಡಿಯೊ. ಅಕ್ಕನ ಮುಂದಿನ ಹಲ್ಲು ಬಿದ್ದಿದ್ದ ವರ್ಷ ಅವಳನ್ನು ಕರೆದುಕೊಂಡು ಸಮುದ್ರ ನೋಡಲು ಹೋಗಿದ್ದರು. ಅಪ್ಪ ಮಗಳು ಇಬ್ಬರೇ. ದೊಡ್ಡಮ್ಮ ಬಸ್ಸು ನೋಡಿದರೇ ವಾಂತಿ ಮಾಡುವ ಪೈಕಿ, ಹೋಗಲಿಲ್ಲ. ಆ ರಜೆಯ ಒಂದೇ ಒಂದು ಟೇಪು ಮನೆಯಲ್ಲಿದೆ. ತೆಗೆದವರು ದೊಡ್ಡಪ್ಪ, ಹಾಗಾಗಿ ಟೇಪಿನಲ್ಲಿ ಅವರೇ ಇಲ್ಲ. ಉದ್ದಕ್ಕೂ ಅಕ್ಕನೇ… ಮರಳು ಅಗೆಯುವ ಅಕ್ಕ, ಅಲೆ ಕಂಡು ಓಡುವ ಅಕ್ಕ. ದೊಡ್ಡಪ್ಪನದು ದನಿ ಮಾತ್ರ. ಊರಿನವರ ಮುಖವನ್ನೆಲ್ಲ ತೆಗೆದವರ ಮುಖ ತೆಗೆಯುವವರು ಯಾರೂ ಇರಲಿಲ್ಲ ನೋಡಿ. ಮನೆಯಲ್ಲಿ ಅವರದು ಅಂತ ಇರುವುದು ಗುರುತಿನ ಚೀಟಿಯ ಫೋಟೊ. ಅದರಲ್ಲೂ ಕಣ್ಣು ಮುಚ್ಚಿದ್ದಾರೆ.

ಆ ಟೇಪಿನಿಂದ ಒಂದು ಕಾಪಿ ಮಾಡಿಕೊಳ್ಳೋಣ ಅಂತ ಅಕ್ಕ ಅವತ್ತು ಸಂಜೆ ಸ್ಟುಡಿಯೊದಲ್ಲಿ ಹಾಕಿದ್ದಾಳೆ. ಟೇಪು ಮುಗಿದಿದೆ. ಪರದೆ ತುಂಬ ಚುಕ್ಕಿ ಚುಕ್ಕಿ… ಶ್ಶ್ಶ್… ಅಂತ ಸದ್ದು. ನಿಲ್ಲಿಸಬೇಕು ಅನ್ನುವಾಗ ಮತ್ತೆ ಚಿತ್ರ ಬಂದಿದೆ.

ಅದೇ ಸಮುದ್ರ. ಪುಟ್ಟ ಅಕ್ಕ ಮರಳಿನಲ್ಲಿ. ಅವಳ ಆಚೆ, ಅಲೆಯ ಅಂಚಿನಲ್ಲಿ ಪ್ಯಾಂಟು ಮಡಚಿ ನಿಂತು ನಗುತ್ತಿರುವ ದೊಡ್ಡಪ್ಪ!

"ಅಪ್ಪನ ಮುಖ ಕಣೋ! ಅಳುನೇ ಬಂತು. ರಿವೈಂಡ್ ಮಾಡಿ ಮತ್ತೆ ನೋಡಿದೆ. ಮತ್ತೆ ಮತ್ತೆ ನೋಡಿದೆ…"

"ಆಮೇಲೆ?"

"ಮೊದಲನೇ ಸಲ ನೀರು ಪಾದದ ಹತ್ತಿರ ಇತ್ತು. ಆಮೇಲೆ ಮೊಣಕಾಲು. ಆಮೇಲೆ ಸೊಂಟ. ನಂಗೆ ಹೊಳೆಯೋ ಹೊತ್ತಿಗೆ ಕುತ್ತಿಗೆ."

ಆಗ ನನ್ನ ಮಂಡೆಗೆ ಇನ್ನೊಂದು ಹೊಳೆಯಿತು. ಒಂಬತ್ತನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹೊಡೆದವನು ನಾನು, ನನಗೇ ಹೊಳೆಯಿತು.

"ಅಕ್ಕಾ… ಹೋಗಿದ್ದು ನೀವಿಬ್ರೇ. ಚಿತ್ರದಲ್ಲಿ ಇಬ್ರೂ ಇದೀರ. ಕ್ಯಾಮೆರಾ… ಯಾರ ಕೈಲಿದೆ?"

"ಅದನ್ನ ಕೇಳೋಕೇ ಈ ಮೆಷಿನ್ನು ಹೊತ್ಕೊಂಡು ಬಂದಿದೀನಿ," ಅಂದಳು.

ಮನೆಗೆ ಬಂದಾಗ ದೊಡ್ಡಮ್ಮ ಒಳಕೋಣೆಯಲ್ಲಿ ಮಲಗಿದ್ದರು. ಗೊರಕೆ ಗರ್… ಪುಸ್… ಗರ್… ಪುಸ್… ಅಂತ ಕ್ರಮವಾಗಿ ಬರುತ್ತಿತ್ತು. ನಾವು ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಅಕ್ಕ ಮೆಷಿನ್ನನ್ನು ಟೀವಿಗೆ ಸಿಕ್ಕಿಸಿದಳು. ಟೇಪು ತೂರಿಸಿದಳು. ಕ್ಲಕ್… ಗಿರ್ರ್… ಟಕ್. ಮುದುಕ ಹಲ್ಲುಸೆಟ್ಟು ಹಾಕಿಕೊಂಡ ಹಾಗೆ.

"ಅಕ್ಕಾ, ಬೇಡ ಕಣೇ. ನೋಡ್ದೇ ಬಿಟ್ರೆ ಮುಳುಗಲ್ವಲ್ಲ? ಬೀರುಲಿಟ್ಟು ಬೀಗ ಹಾಕು."

"ಬೀಗ ಹಾಕಿದ್ರೆ ಕುತ್ತಿಗೆಮಟ್ಟ ನೀರಲ್ಲಿ ನಿಂತೇ ಇರ್ತಾರೆ. ನಾನು ನಿದ್ದೆ ಮಾಡ್ಲಾ?"

ನಾನೇ ಟೀವಿಯ ಸ್ವಿಚ್ಚು ಹಾಕಿದೆ.

ಅವಳು ತನ್ನ ಮದುವೆ ಕ್ಯಾಮೆರಾ ತೆಗೆದು ಹೆಗಲ ಮೇಲಿಟ್ಟುಕೊಂಡಳು. ಟೀವಿಯ ಕಡೆಗೆ ತಿರುಗಿಸಿದಳು. ಪ್ಲೇ ಒತ್ತಿದಳು.

ಸಮುದ್ರ ಬಂತು. ಭೋ… ಅಂತ ಒಂದೇ ಸಮ. ಪುಟ್ಟ ಅಕ್ಕ ಬಂದಳು, ಬೊಚ್ಚುಬಾಯಿ. ದೊಡ್ಡಪ್ಪನ ದನಿ: "ಮೊಂಡೀ, ಇನ್ನೊಂಚೂರು ಹಿಂದೆ ಹೋಗು. ಕ್ಯಾಮೆರಾ ಹಿಡಿದೋರ ಮಾತು ಕೇಳ್ಬೇಕು ಪುಟ್ಟಾ." ಮೊಂಡಿ ಅಂದರೆ ಅಕ್ಕನೇ. ಆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

"ಕೇಳಿಸ್ಕೊಂಡ್ಯಾ?" ಅಕ್ಕ ಪಿಸುಗುಟ್ಟಿದಳು. "ನಮ್ಮ ಕೆಲಸದಲ್ಲಿ ಅದೇ ಕಾನೂನು. ಕ್ಯಾಮೆರಾ ಹಿಡಿದೋರು ಹೇಳಿದ್ರೆ ಮದುಮಗನೂ ಸರೀಬೇಕು, ಮಂತ್ರಿನೂ ಸರೀಬೇಕು. ಅಪ್ಪ ಅದನ್ನ ಒಂದಿನಾನೂ ಮೀರಿದೋರಲ್ಲ. ಒಂದ್ಸಲ ಯಾವನೋ ಫೋಟೊದವನ ಮಾತು ಕೇಳ್ಕೊಂಡು ಹಿಂದೆ ಹಿಂದೆ ಹೋಗಿ ವೇದಿಕೆಯಿಂದ ಬಿದ್ದಿದ್ರಂತೆ. ಬಿದ್ಮೇಲೂ ಕೇಳಿದ್ರಂತೆ… ಈಗ ಸರಿನಾ ಸರ್?"

ನಗು ಬರಬೇಕಿತ್ತು. ಆದರೆ ಅಷ್ಟರಲ್ಲಿ ಟೇಪು ಮುಗಿದು ಶ್ಶ್ಶ್… ಶುರುವಾಯಿತು. ಚುಕ್ಕಿಗಳು.

ಆಮೇಲೆ… ಚಿತ್ರ.

ನಾನು ಕಂಡೆ. ಈ ಕಣ್ಣಲ್ಲೇ ಕಂಡೆ. ಪುಟ್ಟ ಅಕ್ಕ ಮರಳಿನ ಮೇಲೆ ನಿಂತು ಸಮುದ್ರದ ಕಡೆ ನೋಡುತ್ತಿದ್ದಾಳೆ. ಆಚೆ ನೀರಿನ ಮೇಲೆ ಒಂದು ತಲೆ. ಗಲ್ಲಕ್ಕೆ ಅಲೆ ತಾಗುತ್ತಿದೆ. ನಗುತ್ತಿದ್ದಾರೆ ದೊಡ್ಡಪ್ಪ… ಫೋಟೊಗೆ ನಿಂತವರು ನಗುವ ಹಾಗೆ, ಹಲ್ಲು ಮಾತ್ರ. ಕಣ್ಣು ನಗುತ್ತಿಲ್ಲ.

ಆಗ ಈಚೆಯಿಂದ, ಕ್ಯಾಮೆರಾದ ಹಿಂದಿನಿಂದ ಒಂದು ದನಿ. ಗಂಡಸೋ ಹೆಂಗಸೋ ಗೊತ್ತಾಗಲಿಲ್ಲ. ನೀರು ತುಂಬಿದ ಪೈಪಿನಲ್ಲಿ ಮಾತಾಡಿದ ಹಾಗೆ.

"ಇನ್ನೊಂಚೂರು ಹಿಂದೆ…"

ದೊಡ್ಡಪ್ಪ ಹಿಂದೆ ಸರಿದರು. ನೀರು ತುಟಿಗೆ ಬಂತು.

ಅಕ್ಕ ತನ್ನ ಕ್ಯಾಮೆರಾದ ಕೆಂಪು ದೀಪ ಹೊತ್ತಿಸಿದಳು. ಮದುವೆಮನೆಯಲ್ಲಿ ನೂರು ಜನರ ಗಲಾಟೆಯ ಮಧ್ಯೆ ಬಿಡುವ ಗಂಟಲು ಅವಳದು. ಅದನ್ನು ಬಿಟ್ಟಳು.

"ಸರ್! ಇಲ್ಲಿ! ನನ್ನ ಕಡೆ ನೋಡಿ ಸರ್!"

ಒಳಕೋಣೆಯ ಗೊರಕೆ ಗಕ್ಕನೆ ನಿಂತಿತು.

ಟೀವಿಯಲ್ಲಿ ದೊಡ್ಡಪ್ಪ… ನಮ್ಮ ಕಡೆ ನೋಡಿದರು.

"ಮುಂದೆ ಬನ್ನಿ ಸರ್. ಅಲ್ಲಿ ಬೆಳಕಿಲ್ಲ. ಗಲ್ಲ ಮೇಲೆತ್ತಿ, ಮುಂದೆ ಬನ್ನಿ."

ದೊಡ್ಡಪ್ಪ ಒಂದು ಹೆಜ್ಜೆ ಮುಂದೆ ಬಂದರು. ಕುತ್ತಿಗೆ ಕಂಡಿತು.

"ಹಿಂದೆ…" ಅಂತು ದನಿ.

"ಮುಂದೆ!"

"ಹಿಂದೆ…"

"ಇವನ್ಗೆ ಫ್ರೇಮು ಕಟ್ಟೋಕೇ ಬರಲ್ಲ ಸರ್, ಇವನ ಮಾತು ಕೇಳ್ಬೇಡಿ! ಮುಂದೆ ಬನ್ನಿ!"

ಪಾಪ, ದೊಡ್ಡಪ್ಪ ಎರಡು ಕ್ಯಾಮೆರಾದ ನಡುವೆ ಸಿಕ್ಕಿಬಿದ್ದ ಮದುಮಗನ ಹಾಗೆ ಆಚೆ ಒಮ್ಮೆ ಈಚೆ ಒಮ್ಮೆ ನೋಡಿದರು. ಮುಂದೊಂದು ಹೆಜ್ಜೆ, ಹಿಂದೊಂದು ಹೆಜ್ಜೆ. ಬಾಯಿಗೆ ನೀರು ಹೋಯಿತು. ಕೆಮ್ಮಿದರು. ಆದರೂ ನಗು ಬಿಡಲಿಲ್ಲ.

ಆಗ ಚಿತ್ರ ನಿಧಾನವಾಗಿ ತಿರುಗಿತು. ಸಮುದ್ರ ಬಿಟ್ಟು, ಮರಳು ಬಿಟ್ಟು… ನೇರ ನಮ್ಮ ಕಡೆಗೆ ತಿರುಗಿದ ಹಾಗಾಯಿತು. ಪರದೆ ತುಂಬ ಕತ್ತಲು. ಕತ್ತಲೊಳಗಿಂದ ದನಿ, ಬಲು ಮೆಲ್ಲಗೆ, ಬಲು ಮರ್ಯಾದೆಯಿಂದ:

"ನೀವಿಬ್ರೂ… ಇನ್ನೊಂಚೂರು ಮುಂದೆ ಬನ್ನಿ."

ಸ್ವಾಮಿ, ಮೇಷ್ಟ್ರು ಕೂತ್ಕೋ ಅಂದರೆ ನಿಲ್ಲುವವನು ನಾನು. ಅಪ್ಪ ಬಾ ಅಂದರೆ ಗೋಡೆ ಹಾರುವವನು. ಅಂಥ ನನ್ನ ಬಲಗಾಲು ತಾನಾಗೇ ಎದ್ದಿತು. ಟೀವಿಯ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಎಡಗಾಲು ಹಿಂದೆಯೇ ಹೊರಟಿತು. ಮೊಣಕಾಲಿನ ತನಕ ತಣ್ಣಗೆ ಏರುತ್ತಿತ್ತು…

ಅಕ್ಕ ನನ್ನ ಪಾದದ ಮೇಲೆ ಹಿಮ್ಮಡಿಯಿಂದ ಕುಟ್ಟಿದಳು. ಹೆಬ್ಬೆರಳಿನ ಉಗುರು ಆಮೇಲೆ ಕಪ್ಪಾಗಿ ಬಿದ್ದೇಹೋಯಿತು, ಬೇಕಾದರೆ ತೋರಿಸುತ್ತೇನೆ.

"ಬರಲ್ಲ!" ಅಂದಳು ಅವಳು ಟೀವಿಗೆ. "ನಿನ್ನ ಕ್ಯಾಮೆರಾ, ನಿನ್ನ ಸಮುದ್ರ, ಏನು ಬೇಕಾದ್ರೂ ಇಟ್ಕೋ. ನಾವು ಬರಲ್ಲ. ಅವರನ್ನೂ ಬಿಡಲ್ಲ!"

ದನಿ ಸುಮ್ಮನಾಯಿತು. ಚಿತ್ರ ಮತ್ತೆ ಸಮುದ್ರಕ್ಕೆ ತಿರುಗಿತು. ಈಗ ದೊಡ್ಡಪ್ಪನ ಮೂಗಿನ ತುದಿ ಮತ್ತು ಹಣೆ ಮಾತ್ರ ಕಾಣುತ್ತಿತ್ತು.

ಅಕ್ಕ ಕ್ಯಾಮೆರಾ ಕೆಳಗಿಳಿಸಿದಳು. ಸೋತಳು ಅಂದುಕೊಂಡೆ. ಅವಳು ಟೀವಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ದೊಡ್ಡಪ್ಪನ ಜೊತೆ ಅಲ್ಲ, ಮರಳಿನ ಮೇಲೆ ನಿಂತಿದ್ದ ಆ ಪುಟ್ಟ ಹುಡುಗಿಯ ಜೊತೆ ಮಾತಾಡಿದಳು.

"ಏ ಮೊಂಡೀ."

ಪುಟ್ಟ ಅಕ್ಕ ತಿರುಗಿದಳು.

"ಕ್ಯಾಮೆರಾ ಹಿಡಿದೋರ ಮಾತು ಕೇಳ್ಬೇಕು ಅಂತ ಅಪ್ಪ ಹೇಳಿದ್ರಲ್ಲ? ಅದು ಸುಳ್ಳು. ಕೇಳ್ಬೇಡ. ಹೋಗಿ ಆ ಕ್ಯಾಮೆರಾನೇ ಕಿತ್ಕೋ!"

ಹುಡುಗಿ ಒಂದು ಕ್ಷಣ ಹುಬ್ಬು ಗಂಟಿಕ್ಕಿದಳು. ಆಮೇಲೆ ಓಡಿಬಂದಳು ನೋಡಿ, ತಲೆ ತಗ್ಗಿಸಿ, ಟಗರಿನ ಹಾಗೆ! ಮುಖ ಪರದೆ ತುಂಬಿತು. ಚಿತ್ರ ಅಲ್ಲಾಡಿತು. ಆಕಾಶ… ಮರಳು… ಆಕಾಶ… ಯಾರದೋ ಬಿಳುಚಿದ ಬೆರಳುಗಳು, ನೀರಲ್ಲಿ ನೆನೆದು ಸುಕ್ಕಾದವು. ಬೆರಳು ಬಿಡುತ್ತಿರಲಿಲ್ಲ. ಅವಳು ಎಳೆಯುತ್ತಿದ್ದಳು, ಅದು ಎಳೆಯುತ್ತಿತ್ತು.

ಇಂಥ ಜಗಳದಲ್ಲಿ ನನಗೆ ಅನುಭವ ಇದೆ. ಅಕ್ಕನಿಗೆ ಇಲ್ಲ.

"ಕಚ್ಚೇ!" ಕಿರುಚಿದೆ. "ಕೈ ಕಚ್ಚು!"

ಕಚ್ಚಿದಳು. ಮುಂದಿನ ಹಲ್ಲಿಲ್ಲ, ಪಕ್ಕದ ಹಲ್ಲಲ್ಲಿ ಕಚ್ಚಿದಳು. ಹಸೀ ಬಟ್ಟೆ ಹರಿದ ಹಾಗೆ ಒಂದು ಸದ್ದು… ಚರ್ರ್… ಆಮೇಲೆ ಧೊಪ್. ಮರಳಿಗೆ ಮುಖ ಹಾಕಿ ಬಿದ್ದ ಕ್ಯಾಮೆರಾ. ಕಪ್ಪು. ಸಮುದ್ರದ ಭೋ… ಮಾತ್ರ.

ಅಕ್ಕ ಟೀವಿಯ ಗಾಜಿಗೆ ಕಿವಿ ಹಚ್ಚಿದಳು. ನಾನೂ.

ಚಿತ್ರ ಎದ್ದಿತು. ಈಗ ಅದು ತಗ್ಗಿನಲ್ಲಿತ್ತು, ಮಗುವಿನ ಎದೆಯೆತ್ತರಕ್ಕೆ. ನಡುಗುತ್ತಿತ್ತು. ಮೂಲೆಯಲ್ಲಿ ಮಸುಕಾಗಿ ಒಂದು ಪುಟ್ಟ ಹೆಬ್ಬೆರಳು ಅಡ್ಡ ಬಂದಿತ್ತು. ಬೊಚ್ಚುಬಾಯಿಯ ದನಿ ಸಮುದ್ರಕ್ಕಿಂತ ಜೋರಾಗಿ ಕೂಗಿತು:

"ಅಪ್ಪಾ, ಮುಂದೆ ಬಾ! ಇನ್ನೂ ಮುಂದೆ! ಇನ್ನೂ!"

ಹಣೆ ಬಂತು. ಗಲ್ಲ ಬಂತು. ಹೆಗಲು, ಎದೆ, ಸೊಂಟ. ನೀರು ಸುರಿಸಿಕೊಂಡು, ಎಡವುತ್ತ, ಕೆಮ್ಮುತ್ತ ದೊಡ್ಡಪ್ಪ ದಡಕ್ಕೆ ಬಂದರು. ಮರಳಿನ ಮೇಲೆ ಕುಸಿದು ಕೂತರು. ತಲೆ ಎತ್ತಿ ಕ್ಯಾಮೆರಾ ನೋಡಿ, ಈ ಸಲ ಕಣ್ಣಲ್ಲೂ ನಕ್ಕರು.

"ಈಗ ಸರಿನಾ ಮೇಡಂ?" ಅಂದರು.

ಟಕ್. ಟೇಪು ಮುಗಿಯಿತು.

ಹಿಂದೆ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು, ಕೂದಲು ಕೆದರಿಕೊಂಡು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಬೈಯುತ್ತಾರೆ ಅಂದುಕೊಂಡೆ. "ಇನ್ನೊಂದ್ಸಲ ಹಾಕೇ," ಅಂದರು ಅಷ್ಟೇ. ಟೀವಿ ಮುಂದೆ ನೆಲದ ಮೇಲೆ ಕೂತರು.

ಅಕ್ಕ ಬೆಳಿಗ್ಗೆ ಸ್ಟುಡಿಯೊಗೆ ಹೋಗಿ ಆ ಮೆಷಿನ್ನನ್ನು ಗುಜರಿ ಬೆಲೆಗೇ ಕೇಳಿ ಇಟ್ಟುಕೊಂಡಳು. ಕಾಪಿ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ನೀವೇ ಬಂದು ನೋಡಿ, ನಮ್ಮ ಮನೆ ಬಾಗಿಲು ತೆರೆದೇ ಇರುತ್ತದೆ. ಬುರುಡೆ ಅನ್ನುವವರು ಮೊದಲು ಬನ್ನಿ, ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ದೊಡ್ಡಪ್ಪ ಮರಳಿನ ಮೇಲೆ ಕೂತೇ ಇದ್ದಾರೆ. ಮೊದಲ ರಾತ್ರಿ ಅಂಗಿ ಮೈಗೆ ಅಂಟಿ ನೀರು ತೊಟ್ಟಿಕ್ಕುತ್ತಿತ್ತು. ಮುಂದಿನ ಸಲ ಹಾಕಿದಾಗ ಕಾಲರು ಒಣಗಿತ್ತು. ಆಮೇಲೆ ತೋಳು.

ನಿನ್ನೆ ನೋಡಿದೆವು. ಜೇಬು ಮಾತ್ರ ಇನ್ನೂ ಒದ್ದೆ.