ಎಂಜಿನ್ನಿನೊಳಗೆ ಉಪ್ಪುನೀರು

ಬಲ್ಖಾಶ್ ಸರೋವರದ ದಡದ ಪಟ್ಟಣದಲ್ಲಿ, ರೊಟ್ಟಿ ಅಂಗಡಿಯ ಸಾಲಿನಲ್ಲಿ ರೈಖಾನಳ ಮುಂದೆ ಅಕ್ಕ ತಮ್ಮ ಇಬ್ಬರು ನಿಂತಿದ್ದರು. ಅಕ್ಕನ ಕೈಗೆ ಗ್ರೀಸಿನ ಮಸಿ ಹತ್ತಿತ್ತು.

"ದೋಣಿ ಎಂಜಿನ್ನಿನ ಆಯಿಲ್ ಹಾಲು ಹಾಕಿದ ಚಹಾದ ಹಾಗಾಗಿದೆ ಕಣೋ ಎರ್ಮೆಕ್. ನೀರು ಸೇರಿದೆ."

"ಮಳೆ ನೀರಿರಬೇಕು ಅಕ್ಕಾ. ಮುಚ್ಚಳ ಸಡಿಲ ಇತ್ತು."

"ನಾನೂ ಹಾಗೇ ಅಂದ್ಕೊಂಡು ಎಂಜಿನ್ನಿನ ತಳದ ತಿರುಪು ಬಿಚ್ಚಿದೆ. ಮೊದಲು ನೀರೇ ಬಂತು. ನಾಲಗೆಗೆ ಹಚ್ಚಿದ್ರೆ ಉಪ್ಪು."

"ನಿನ್ನ ಬೆರಳು ಬೆವರಿತ್ತೇನೋ."

"ನಮ್ಮ ಕಡೆ ಸರೋವರ ಸಿಹಿನೀರು. ಉಪ್ಪು ಸಿಗೋದು ಪೂರ್ವದ ತುದಿಗೆ ಹೋದರೆ. ನೀನು ಈ ದಡ ಬಿಟ್ಟಿಲ್ಲ ಅಂದೆಯಲ್ಲ?"

ಸಾಲು ಮುಂದೆ ಸರಿದದ್ದು ಕೇಳುತ್ತ ನಿಂತಿದ್ದ ರೈಖಾನಳಿಗೂ ತಿಳಿಯಲಿಲ್ಲ.

"ಯಾರನ್ನ ನೋಡೋಕೆ ಹೋಗಿದ್ದೆ?"

"ಅಪ್ಪನ್ನ."

"ನಮ್ಮನ್ನ ಬಿಟ್ಟು ಹೋದವನನ್ನ, ಅದೂ ನನ್ನ ದೋಣೀಲಿ."

"ಹಾಸಿಗೆ ಹಿಡಿದಿದ್ದಾನೆ ಅಕ್ಕಾ. ನಿನ್ನ ಬಗ್ಗೆ ಕೇಳ್ದ."

"ಸುಳ್ಳು."

"ನನ್ನ ಮಗಳು ಶೋಲ್ಪಾನ್ ಈಗಲೂ ಎಡಗೈಲೇ ಬಲೆ ಎಳೀತಾಳಾ ಅಂತ ಕೇಳ್ದ."

ಅಕ್ಕ ಎರಡು ರೊಟ್ಟಿ ಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಎಂಜಿನ್ ತಣಿಸೋ ಪಂಪಿನ ಸೀಲು ಹೋಗಿದೆ, ಅಲ್ಲಿಂದಲೇ ಸರೋವರದ ನೀರು ನುಗ್ಗಿರೋದು. ಇವತ್ತೇ ಹೊಸದು ಹಾಕೋಣ."

"ಇವತ್ತೇ ಯಾಕೆ?"

"ಇಬ್ಬರೂ ಅಷ್ಟು ದೂರ ಹೋಗಬೇಕಲ್ಲ."

ಅವಳು ದೋಣಿಕಟ್ಟೆಯ ಕಡೆ ಹೊರಟಳು. ತಮ್ಮ ಹಿಂದೆಯೇ ಓಡಿದ.